ಜೇಬಿನಲ್ಲೊಂದು ಅಯಸ್ಕಾಂತ

ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಚೀಲ ಹುಡುಕಲು ಶುರು ಮಾಡಿದರೆ ನಮ್ಮನೆಯಲ್ಲಿ ಯಾರೂ "ಎಲ್ಲಿಗೆ?" ಅಂತ ಕೇಳುವುದಿಲ್ಲ. "ಇವತ್ತು ಏನು ತರ್ತೀರ?" ಅಂತ ನನ್ನಾಕೆ ಕೇಳುತ್ತಾಳೆ. ಅಮ್ಮ ಅದನ್ನೂ ಕೇಳುವುದಿಲ್ಲ. ಹಾಲಿನ ಮೂಲೆಯ ಕಡೆ ಒಮ್ಮೆ ನೋಡುತ್ತಾರೆ, ಇನ್ನೂ ಎಷ್ಟು ಜಾಗ ಉಳಿದಿದೆ ಅಂತ.

ಬನಶಂಕರಿಯಲ್ಲಿ ಮೆಟ್ರೋ ಹತ್ತಿದರೆ ಚಿಕ್ಕಪೇಟೆ. ವಾರವೆಲ್ಲ ಕಾಲಿಡಲು ಜಾಗವಿಲ್ಲದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಭಾನುವಾರ ಅಂಗಡಿಗಳ ಷಟರ್ ಇಳಿದಿರುತ್ತದೆ. ಆ ಷಟರ್‌ಗಳ ಮುಂದೆ ಟಾರ್ಪಾಲು ಹಾಸಿಕೊಂಡು ಕೂರುವುದೇ ಸಂಡೇ ಬಜಾರ್. ಒಂದೇ ಟಾರ್ಪಾಲಿನ ಮೇಲೆ ಮಿಕ್ಸಿ ಜಾರು, ಹನ್ನೆರಡು ಟೀವಿ ರಿಮೋಟು, ಒಂಟಿ ಡಂಬೆಲ್, ಯಾರೋ ಕೇರಂನಲ್ಲಿ ಗೆದ್ದ ಕಪ್ಪು. ಕಪ್ಪಿಗೆ ಎಂಬತ್ತು ರೂಪಾಯಿ. ಆಡುವ ಕಷ್ಟವೇ ಇಲ್ಲ.

ಈ ಹುಚ್ಚು ಶುರುವಾಗಿದ್ದು ಒಂದು ನಾಣ್ಯದಿಂದ. 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ, ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಮುನ್ನೂರು ಕೊಟ್ಟು ತಂದೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ, ಅವೆಲ್ಲ ಆಮೇಲೆ ಯಾರ್ಯಾರೋ ಅಚ್ಚು ಹಾಕಿಸಿದ್ದು ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು. ಮೊದಲೇ ಯೋಚಿಸಬೇಕಿತ್ತು. ಕಂಪನಿಯವರಿಗೆ ಲೆಕ್ಕದ ಪುಸ್ತಕ ಬಿಟ್ಟರೆ ಬೇರೆ ದೇವರೇ ಇರಲಿಲ್ಲ, ಅಲ್ವಾ? ಈಗ ಅದು ಅಮ್ಮನ ದೇವರ ಮನೆಯಲ್ಲಿದೆ. ರಾಮ ಇದ್ದಾನಲ್ಲ, ಇರಲಿ ಬಿಡು ಅಂದರು.

ಆಮೇಲೆ ದೀಪದ ಕಂಬ ಬಂತು. ಮೂರಡಿ ಎತ್ತರ, ತುದಿಯಲ್ಲಿ ಹಂಸ. "ತಾತನ ಕಾಲದ್ದು ಸಾರ್, ಹಳೇ ಮನೆ ಕೆಡವಿದಾಗ ಸಿಕ್ಕಿದ್ದು" ಅಂದ ವ್ಯಾಪಾರಿ. ಅಡಿಯಲ್ಲಿ ಕೆಂಪಗೆ ತುಕ್ಕು ಹಿಡಿದಿತ್ತು. ಅದನ್ನೇ ನಾನು ಹಳೆಯದು ಅನ್ನುವುದಕ್ಕೆ ಸಾಕ್ಷಿ ಅಂದುಕೊಂಡೆ. ಎರಡೂವರೆ ಸಾವಿರ ಹೇಳಿದ್ದನ್ನು ಆರುನೂರಕ್ಕೆ ಇಳಿಸಿ, ಪಾಪ ಅವನ ಹೊಟ್ಟೆ ಮೇಲೆ ಹೊಡೆದೆನೇನೋ ಅಂತ ದಾರಿಯುದ್ದಕ್ಕೂ ನೊಂದುಕೊಂಡು ಬಂದೆ.

ಅಮ್ಮ ಅಡಿಭಾಗ ನೋಡಿ, "ಹಿತ್ತಾಳೆಗೆ ತುಕ್ಕು ಹಿಡಿಯಲ್ವಲ್ಲೋ, ಕಿಲುಬು ಹಿಡಿಯತ್ತೆ, ಹಸಿರಾಗಿ" ಅಂದರು. ನನ್ನಾಕೆ ಏನೂ ಅನ್ನಲಿಲ್ಲ. ಅಡುಗೆ ಮನೆಗೆ ಹೋಗಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಹಂಪಿಯ ಕಲ್ಲಿನ ರಥ ಕಿತ್ತುಕೊಂಡು ಬಂದು ದೀಪದ ಸೊಂಟದ ಹತ್ತಿರ ಹಿಡಿದಳು. ರಥ ಟಪ್ ಅಂತ ಕಚ್ಚಿಕೊಂಡಿತು. ಹಿತ್ತಾಳೆಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಒಳಗಿದ್ದದ್ದು ಕಬ್ಬಿಣ, ಮೇಲೆ ಹಿತ್ತಾಳೆಯ ತೆಳು ಲೇಪ. ರಥ ಇನ್ನೂ ಅಲ್ಲೇ ಇದೆ. ಬಂದವರು ಹಂಸದ ಕೆಳಗೆ ಹಂಪಿ ಯಾಕೆ ಅಂತ ಕೇಳಿದರೆ ನನ್ನಾಕೆ ನನ್ನ ಕಡೆ ಕೈ ತೋರಿಸುತ್ತಾಳೆ.

ಮುಂದಿನ ಭಾನುವಾರ ಬಜಾರಿಗೆ ಹೋದವನೇ ಒಡೆದ ಸ್ಪೀಕರಿನ ಹಿಂದಿರುವ ದಪ್ಪ ಉಂಗುರದಂಥ ಅಯಸ್ಕಾಂತವನ್ನು ಇಪ್ಪತ್ತು ರೂಪಾಯಿಗೆ ಕೊಂಡು ಜೇಬಿಗೆ ಹಾಕಿಕೊಂಡೆ. ನನ್ನ ಸಂಗ್ರಹದಲ್ಲಿ ಹೇಳಿದ ಗುಣವೇ ಇದ್ದ ಮೊದಲ ವಸ್ತು ಅದು. ಸಿಕ್ಕ ಸಿಕ್ಕ ಗಂಟೆ, ಚೊಂಬು, ಕೃಷ್ಣನಿಗೆಲ್ಲ ಮುಟ್ಟಿಸಿ ನೋಡಿದೆ. ಎರಡು ಕೃಷ್ಣ ಕಬ್ಬಿಣವಾಗಿ ಸಿಕ್ಕಿಬಿದ್ದರು. ನಾನು ದೂರದಲ್ಲಿ ಕಾಣಿಸಿದರೆ ಸಾಕು, "ಮೇಷ್ಟ್ರು ಬಂದ್ರು" ಅನ್ನಲು ಶುರು ಮಾಡಿದರು.

ಅದೇ ಹುರುಪಿನಲ್ಲಿ ಒಂದು ಎಚ್‌ಎಂಟಿ ಜನತಾ ವಾಚು ಕೊಂಡೆ. ದಿನಾ ಬೆಳಿಗ್ಗೆ ಕೀ ಕೊಡುವಂಥದ್ದು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ವಾಚು ಮಾಡಲು ಶುರು ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. 2016ರಲ್ಲಿ ಕೇಂದ್ರ ಸರ್ಕಾರ ಆ ವಾಚಿನ ಕಂಪನಿ ಮುಚ್ಚಲು ತೀರ್ಮಾನಿಸಿದ ಮೇಲೆ, ಮನೆ ಡ್ರಾಯರಿನಲ್ಲಿ ಬಿದ್ದಿದ್ದವಕ್ಕೂ ಬೆಲೆ ಬಂತು. ಬೆಲೆ ಬಂದದ್ದೇ ತಡ, ಹಳೇ ಮಿಷಿನ್ನಿಗೆ ಹೊಸ ಡಯಲ್ ಬಳಿದು ಮಾರುವವರೂ ಬಂದರು. ನಾನು ಡಯಲ್ ನೋಡಿದೆ, ಕಿವಿಗಿಟ್ಟು ಟಿಕ್ ಟಿಕ್ ಕೇಳಿದೆ, ಏಳುನೂರು ಕೊಟ್ಟೆ. ಕೊಟ್ಟು, ವಾಚನ್ನು ಭದ್ರವಾಗಿ ಜೇಬಿಗೆ ಹಾಕಿಕೊಂಡೆ. ಅಯಸ್ಕಾಂತ ಇದ್ದ ಜೇಬಿಗೇ.

ಮಾರನೇ ದಿನ ಬೆಳಿಗ್ಗೆ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ, ಕೆಂಗೇರಿಯಲ್ಲಿ. ಆರು ಗಂಟೆಗೆ ಪೂಜೆ. ಕೈಯಲ್ಲಿ ಜನತಾ ಇರುವಾಗ ಮೊಬೈಲ್ ನೋಡುವುದು ವಾಚಿಗೆ ಮಾಡುವ ಅವಮಾನ ಅಂತ, ವಾಚನ್ನೇ ನಂಬಿ ಎದ್ದೆ, ವಾಚನ್ನೇ ನಂಬಿ ಹೊರಟೆ. ಐದು ಮುಕ್ಕಾಲಿಗೆ ಅವರ ಬಾಗಿಲಲ್ಲಿದ್ದೆ. ಪುರೋಹಿತರು ಬಂದಿರಲಿಲ್ಲ. ಹಸು ಬಂದಿರಲಿಲ್ಲ. ಮನೆ ಯಜಮಾನರು ಬನಿಯನ್ನಿನಲ್ಲಿ ಹಲ್ಲುಜ್ಜುತ್ತಿದ್ದರು. ಅವರ ಗೋಡೆ ಗಡಿಯಾರದಲ್ಲಿ ಐದು ಗಂಟೆ. "ಬಂದಿದ್ದು ಒಳ್ಳೇದೇ ಆಯ್ತು" ಅಂತ ಒಂದು ಬುಟ್ಟಿ ಮಾವಿನೆಲೆ, ದಾರದ ಉಂಡೆ ಮುಂದಿಟ್ಟರು. ತೋರಣ ಕಟ್ಟಿದೆ. ಮುಗಿಯಿತು ಅನ್ನುವಷ್ಟರಲ್ಲಿ ತೆಂಗಿನಕಾಯಿ ಜುಟ್ಟು ಬಿಡಿಸಲು ಬಂತು. ಕೊನೆಗೆ ಉಪ್ಪಿಟ್ಟು ಕೇಸರಿಬಾತ್ ಹೊತ್ತಿಗೆ ಅವರ ನೆಂಟರೊಬ್ಬರು ನನ್ನನ್ನು ಅಡುಗೆಯವರ ಕಡೆಯವನು ಅಂದುಕೊಂಡು, "ಚಟ್ನಿ ಕಳಿಸಪ್ಪ" ಅಂದರು. ಕಳಿಸಿದೆ.

ಗಾಂಧಿ ಬಜಾರಿನ ಹತ್ತಿರ ಒಬ್ಬರು ವಾಚ್ ರಿಪೇರಿಯವರಿದ್ದಾರೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ವಾಚಿನ ಬೆನ್ನು ಬಿಚ್ಚಿ ನೋಡಿದರು. ಆಮೇಲೆ ಡ್ರಾಯರಿನಿಂದ ಪುಟ್ಟ ದಿಕ್ಸೂಚಿ ತೆಗೆದು ಪಕ್ಕಕ್ಕಿಟ್ಟರು. ಮುಳ್ಳು ಹುಚ್ಚು ಹಿಡಿದಂತೆ ಓಲಾಡಿತು. "ಮ್ಯಾಗ್ನೆಟ್ ತಗುಲಿದೆ ಸಾರ್" ಅಂದರು. ಕೂದಲಿನಷ್ಟು ತೆಳ್ಳಗಿನ ಹೇರ್ ಸ್ಪ್ರಿಂಗ್ ಸುರುಳಿ ಇರುತ್ತದಂತೆ. ಅಯಸ್ಕಾಂತದ ಗುಣ ಏರಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗು ಗಿಡ್ಡ ಆದ ಹಾಗೆ ಲೆಕ್ಕ. ಚಕ್ರ ಬೇಗ ಬೇಗ ಓಲಾಡುತ್ತದೆ, ವಾಚು ಮುಂದೆ ಓಡುತ್ತದೆ.

ಒಂದು ಸಣ್ಣ ಪೆಟ್ಟಿಗೆಯ ಮೇಲೆ ವಾಚಿಟ್ಟು ಗುಂಡಿ ಒತ್ತಿದರು. "ಈಗ ಇಳೀತು" ಅಂತ ಮತ್ತೆ ದಿಕ್ಸೂಚಿ ಹತ್ತಿರ ಹಿಡಿದರು. ಮುಳ್ಳು ಮತ್ತೆ ಓಲಾಡಿತು. ಮತ್ತೆ ಗುಂಡಿ, ಮತ್ತೆ ಓಲಾಟ. ಮೂರನೇ ಸಲ ಅವರು ವಾಚು ಕೆಳಗಿಟ್ಟು, ಮಸೂರ ತೆಗೆದು, ಮುಳ್ಳು ತೋರಿಸುತ್ತಿದ್ದ ದಿಕ್ಕನ್ನೇ ನೋಡಿದರು. ಅದು ಉತ್ತರ ದಿಕ್ಕಾಗಿರಲಿಲ್ಲ. ನನ್ನ ಪ್ಯಾಂಟಿನ ಜೇಬಾಗಿತ್ತು.

"ಜೇಬಲ್ಲಿ ಏನಿದೆ ಸಾರ್?"

ನೂರು ರೂಪಾಯಿ ತಗೊಂಡರು. ನ್ಯಾಯವಾಗಿ ಜಾಸ್ತಿಯೇ ತಗೋಬೇಕಿತ್ತು.

ಅಯಸ್ಕಾಂತ ಮನೆಯಲ್ಲಿ ಬಿಟ್ಟು ಹೋದ ಭಾನುವಾರವೇ ನಿಜವಾದ ಹಿತ್ತಾಳೆ ಸಿಕ್ಕಿತು. ಮಸಿ ಹಿಡಿದು ಕಪ್ಪಾದ ಕೊಳಗ. ಈ ಸಲ ವ್ಯಾಪಾರಿಯೇ ಜೇಬಿನಿಂದ ಒಂದು ಮ್ಯಾಗ್ನೆಟ್ ತೆಗೆದು ಮುಟ್ಟಿಸಿ ತೋರಿಸಿದ, "ನೋಡ್ಕೊಳಿ ಮೇಷ್ಟ್ರೇ, ಹಿಡಿಯಲ್ಲ." ತಾತನ ಕಥೆ ಹೇಳಲಿಲ್ಲ. ಕೊಕ್ಕೆ ತಕ್ಕಡಿಗೆ ನೇತುಹಾಕಿ ಮೂರು ಕೆಜಿ ಅಂದ. ಸಾವಿರದ ಐನೂರು, ಒಂದು ರೂಪಾಯಿ ಕಡಿಮೆ ಇಲ್ಲ. ಅಸಲಿ ಹಿತ್ತಾಳೆಯನ್ನು ಯಾರೂ ಸುಮ್ನೆ ಅಗ್ಗಕ್ಕೆ ಕೊಡುವುದಿಲ್ಲ. ತೂಕಕ್ಕೇ ದುಡ್ಡು ಬರುವಾಗ ಅವರಿಗೇನು ಹುಚ್ಚೇ? ಅಗ್ಗಕ್ಕೆ ಸಿಕ್ಕಾಗಲೆಲ್ಲ ನನಗೆ ಸಿಕ್ಕಿದ್ದು ಕಬ್ಬಿಣ.

ಮೆಟ್ರೋದಲ್ಲಿ ಸ್ಕ್ಯಾನರ್ ಮುಂದೆ ನಿಂತ ಸೆಕ್ಯುರಿಟಿಯವರು ಕೊಳಗದೊಳಗೆ ತಲೆ ಹಾಕಿ ನೋಡಿ, "ಕೇಟರಿಂಗಾ ಸಾರ್?" ಅಂದರು. ಕೆಂಗೇರಿ ನೆನಪಾಗಿ ಹೌದು ಅಂದುಬಿಟ್ಟೆ.

ನನ್ನ ಲೆಕ್ಕ ಇದ್ದದ್ದು ಹಾಲಿನ ಮೂಲೆಯಲ್ಲಿಟ್ಟು ಮನಿ ಪ್ಲಾಂಟ್ ಹಾಕುವುದು. ಅಮ್ಮ ಹುಣಸೆಹಣ್ಣು, ಉಪ್ಪು ಹಿಡಿದು ಬಚ್ಚಲಲ್ಲಿ ಉಜ್ಜಲು ಕೂತರು. ಅರ್ಧ ಗಂಟೆ ಆದ ಮೇಲೆ ಉಜ್ಜುವ ಸದ್ದು ನಿಂತಿತು. ಹೋಗಿ ನೋಡಿದರೆ ಕೊಳಗದ ಕಂಠದ ಮೇಲೆ ಬೆರಳಾಡಿಸುತ್ತಿದ್ದರು. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: "ಸೋದರಮಾವನ ಉಡುಗೊರೆ 12-5-68".

"ಮೇ ತಿಂಗಳು. ಮದುವೆಗೇ ಕೊಟ್ಟಿರೋದು" ಅಂದರು ಅಮ್ಮ. ಆಮೇಲೆ ಸುಮಾರು ಹೊತ್ತು ಸುಮ್ಮನಿದ್ದರು. ಸ್ಟೀಲಿನ ಕಾಲ ಬಂದಾಗ ಅವರೂ ತವರಿನ ಹಿತ್ತಾಳೆಯನ್ನೆಲ್ಲ ಹಾಕಿ ಹೊಳೆಯುವ ಡಬ್ಬಿ ತಗೊಂಡಿದ್ದರು. ಒಂದರ ಮೇಲೊಂದು ಕೂರುವ ಆರು ಡಬ್ಬಿ. ಈಗ ಅದರಲ್ಲಿ ಮೂರಕ್ಕೆ ಮುಚ್ಚಳ ಇಲ್ಲ.

ಮನಿ ಪ್ಲಾಂಟ್ ತಂದವನ ಕೈ ಹಿಡಿದು ನಿಲ್ಲಿಸಿದರು. "ಯಾವ ಮಹಾರಾಯ ಸಾಲ ಮಾಡಿ ಕೊಟ್ಟನೋ ಏನೋ. ಅದರಲ್ಲಿ ಮಣ್ಣು ತುಂಬ್ತೀಯಾ?" ಹಾಗಾಗಿ ಕೊಳಗ ಮೂಲೆಯಲ್ಲಿ ಖಾಲಿ ಕೂತಿದೆ. ದೀಪಕ್ಕೆ ಬೆನ್ನು ಹಾಕಿಕೊಂಡು. ನನ್ನಾಕೆಯೂ ಮೊದಲ ಸಲ ಯಾರಿಗೂ ಕೈ ತೋರಿಸುತ್ತಿಲ್ಲ.

ಹೋದ ವಾರ ನನ್ನ ಸೋದರಮಾವ ಬಂದಿದ್ದರು. ಸೋಫಾದಲ್ಲಿ ಕೂತು ಅಕ್ಷರ ಕಂಡು ಎದ್ದು ಹೋಗಿ, ಬಗ್ಗಿ ಓದಿದರು.

"ಅಕ್ಕಾ, ಇದು ನಾನು ಯಾವಾಗ ಕೊಟ್ಟೆ? ಅರವತ್ತೆಂಟರಲ್ಲಿ ನಾನಿನ್ನೂ ಮೂರನೇ ಕ್ಲಾಸು."

"ಕೊಟ್ಟಿರ್ತೀಯ. ನಿಂಗೆ ಮರೆವು ಜಾಸ್ತಿ" ಅಂದರು ಅಮ್ಮ, ಕಾಫಿ ಲೋಟ ಕೈಗಿಡುತ್ತಾ.

ಮಾವ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಕಾಫಿ ಮುಗಿಯುವವರೆಗೂ ಅದನ್ನೇ ನೋಡುತ್ತಿದ್ದರು. ಹೊರಡುವಾಗ ಕೊಳಗವನ್ನು ಬೆರಳ ಗಣ್ಣಿನಿಂದ ಟಣ್ ಅನ್ನಿಸಿ, ನನ್ನ ಕಡೆ ತಿರುಗಿ ಅಂದರು:

"ಗಟ್ಟಿ ಮಾಲು ಕಣೋ. ಆಗ ನಾನು ಅಂಥದ್ದೇ ಆರಿಸ್ತಿದ್ದೆ."