ಶಾಖೆಗಳ ನೆಟ್‌ವರ್ಕಿಗೆ ಓಎಸ್‌ಪಿಎಫ್ ಬೇಕೇ? ಪರ-ವಿರೋಧ

ಬೆಳಗಾವಿಯಲ್ಲಿ ಪ್ರಧಾನ ಕಚೇರಿ. ಗೋಕಾಕ, ಮುಧೋಳ, ಬಾಗಲಕೋಟೆ, ವಿಜಯಪುರ, ಅಥಣಿ, ಚಿಕ್ಕೋಡಿಗಳಲ್ಲಿ ಶಾಖೆ. ಇಂಥದೊಂದು ಸೌಹಾರ್ದ ಸಹಕಾರಿ ಇದೆ ಅಂದುಕೊಳ್ಳಿ. ಊರಿಗೊಂದು ರೂಟರ್, ಅಂದರೆ ಬಂದ ಮಾಹಿತಿಯನ್ನು ಮುಂದಿನ ದಾರಿಗೆ ದಾಟಿಸುವ ಪೆಟ್ಟಿಗೆ. ಪ್ಯಾಕೆಟ್ (ಮಾಹಿತಿಯ ತುಣುಕು) ಯಾವ ದಾರಿ ಹಿಡಿಯಬೇಕು ಎಂಬುದನ್ನು ರೂಟರ್‌ಗಳು ಓಎಸ್‌ಪಿಎಫ್ (ಪರಸ್ಪರ ಮಾತಾಡಿ ದಾರಿ ಕಂಡುಕೊಳ್ಳುವ ನಿಯಮಾವಳಿ) ಮೂಲಕ ತಾವೇ ತೀರ್ಮಾನಿಸಲಿ ಎಂದು ಬಿಡಬೇಕೇ? ಇಲ್ಲ, ಕೈಯಾರೆ ಬರೆದಿಟ್ಟ ಸ್ಟ್ಯಾಟಿಕ್ ರೂಟ್ ಸಾಕೇ?

ಪರ: ಪ್ರತಿ ರೂಟರ್‌ಗೂ ಪೂರ್ತಿ ನಕ್ಷೆ ಬೇಕು

ನಮ್ಮ ಭಾಗದಲ್ಲಿ ಫೈಬರ್ ಕಡಿಯುವುದು ಹೊಸ ಸುದ್ದಿಯಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ, ನೀರಿನ ಪೈಪಿಗೆ ತೋಡಿದ ಕಾಲುವೆ, ಮಳೆಗಾಲದ ಹೊಳೆ, ಯಾವುದಾದರೂ ಸಾಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮುಧೋಳಗಳಿಗೆ ನುಗ್ಗಿದ್ದನ್ನು ಈ ಕಡೆಯವರು ಮರೆತಿಲ್ಲ. ಹಾಗಾಗಿಯೇ ಲೈನನ್ನು ಉಂಗುರದಂತೆ ಎಳೆಯಬೇಕು: ಬೆಳಗಾವಿ, ಗೋಕಾಕ, ಮುಧೋಳ, ಬಾಗಲಕೋಟೆ, ವಿಜಯಪುರ, ಅಥಣಿ, ಚಿಕ್ಕೋಡಿ, ಮತ್ತೆ ಬೆಳಗಾವಿ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿ ಬರಲು ತಂತಿ ಇದೆ. ಆದರೆ ಆ ಸುತ್ತುದಾರಿ ರೂಟರ್‌ಗೂ ಗೊತ್ತಿರಬೇಕಲ್ಲ.

ಸ್ಟ್ಯಾಟಿಕ್ ರೂಟ್‌ನಲ್ಲಿ ಏನಾಗುತ್ತದೆ ನೋಡಿ. ಪ್ರತಿ ಊರಿಗೂ ಒಂದು ಮುಖ್ಯ ದಾರಿ, ಡಿಸ್ಟನ್ಸ್ 200 ಕೊಟ್ಟು (ಈ ಅಂಕಿ ಹೆಚ್ಚಾದಷ್ಟು ಆದ್ಯತೆ ಕಡಿಮೆ) ಇನ್ನೊಂದು ಬದಲಿ ದಾರಿ ಬರೆದಿದ್ದೀರಿ. ಮುಧೋಳ-ಬಾಗಲಕೋಟೆ ನಡುವಿನ ಫೈಬರ್ ಕಡಿಯಿತು. ಬಾಗಲಕೋಟೆಯ ರೂಟರ್ ಬದಲಿ ದಾರಿ ಹಿಡಿದು ವಿಜಯಪುರ, ಅಥಣಿ, ಚಿಕ್ಕೋಡಿ ಮೇಲಿಂದ ಬೆಳಗಾವಿಗೆ ಪ್ಯಾಕೆಟ್ ಮುಟ್ಟಿಸುತ್ತದೆ. ತೊಂದರೆ ಇರುವುದು ಉತ್ತರ ವಾಪಸು ಬರುವಾಗ. ಬೆಳಗಾವಿ-ಗೋಕಾಕ ಲೈನು ಚೆನ್ನಾಗಿಯೇ ಇದೆ, ಆದ್ದರಿಂದ ಬೆಳಗಾವಿ ಎಂದಿನಂತೆ ಗೋಕಾಕಕ್ಕೆ ಕಳಿಸುತ್ತದೆ, ಗೋಕಾಕ ಮುಧೋಳಕ್ಕೆ ದಾಟಿಸುತ್ತದೆ. ಮುಧೋಳದ ಮುಂದಿನ ಲೈನು ಸತ್ತಿದೆ. ಅದರ ಬದಲಿ ದಾರಿ ಎಂದರೆ ಮತ್ತೆ ಗೋಕಾಕ. ಗೋಕಾಕದ ಪಟ್ಟಿಯಲ್ಲಿ ಬಾಗಲಕೋಟೆಗೆ ಮುಧೋಳವೇ ದಾರಿ. ಪ್ಯಾಕೆಟ್ ಎರಡೂರುಗಳ ನಡುವೆ ಚೆಂಡಿನಂತೆ ಪುಟಿಯುತ್ತಾ ಇರುತ್ತದೆ. ವಿಂಡೋಸ್ ಯಂತ್ರದಿಂದ ಹೊರಟಿದ್ದರೆ ಅದರ ಟಿಟಿಎಲ್, ಅಂದರೆ ಎಷ್ಟು ರೂಟರ್ ಹಾಯಬಹುದೆಂಬ ಮಿತಿ, 128. ಹಾಯುವ ಪ್ರತಿ ರೂಟರ್‌ನಲ್ಲಿ ಒಂದೊಂದು ಕಡಿಮೆಯಾಗುತ್ತಾ ಸೊನ್ನೆಗಿಳಿದ ಮೇಲೆ ಅಲ್ಲೇ ಬೀಳುತ್ತದೆ. ದಾರಿಯ ರೂಟರ್‌ಗಳನ್ನು ತೋರಿಸುವ ಟ್ರೇಸ್‌ರೂಟ್ ಹೊಡೆದರೆ ಅವೇ ಎರಡು ವಿಳಾಸ ಸಾಲುಸಾಲಾಗಿ ಬರುತ್ತವೆ. ಸುತ್ತುವ ಒಂದೊಂದು ಪ್ಯಾಕೆಟ್ಟೂ ಅದೇ ಲೈನನ್ನು ನೂರಕ್ಕೂ ಹೆಚ್ಚು ಸಲ ತುಂಬುವುದರಿಂದ ಗೋಕಾಕ, ಮುಧೋಳದ ಶಾಖೆಗಳೂ ನಿಧಾನವಾಗುತ್ತವೆ.

ಇದು ಬರೆದವರ ತಪ್ಪಲ್ಲ. ಸ್ಟ್ಯಾಟಿಕ್ ರೂಟರ್‌ಗೆ ತನ್ನ ಪಕ್ಕದ ಲೈನು ಬಿಟ್ಟು ಆಚೆಯದು ಕಾಣುವುದಿಲ್ಲ. ಓಎಸ್‌ಪಿಎಫ್ ಕಟ್ಟಿಕೊಡುವುದು ಆ ನೋಟವನ್ನೇ. ಲೈನು ಕಡಿದ ಕೂಡಲೇ ಮುಧೋಳವೂ ಬಾಗಲಕೋಟೆಯೂ ತಮ್ಮ ಹೊಸ ಸ್ಥಿತಿಯನ್ನು ಎಲ್ಲ ರೂಟರ್‌ಗಳಿಗೂ ಹರಡುತ್ತವೆ. ಏಳೂ ರೂಟರ್‌ಗಳಲ್ಲಿ ಒಂದೇ ನಕ್ಷೆ. ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಿಂದ ಪ್ರತಿಯೊಂದೂ ತನ್ನಿಂದ ಎಲ್ಲ ಊರಿಗೂ ಅತಿ ಕಡಿಮೆ ವೆಚ್ಚದ (ಹಣವಲ್ಲ, ಲೈನಿನ ವೇಗಕ್ಕೆ ತಕ್ಕಂತೆ ಕೊಡುವ ಅಂಕಿ) ದಾರಿ ತೆಗೆಯುತ್ತದೆ. ಬೆಳಗಾವಿಯ ರೂಟರ್ ಗೋಕಾಕವನ್ನು ಬಿಟ್ಟು ಚಿಕ್ಕೋಡಿ ಕಡೆ ತಿರುಗುತ್ತದೆ.

ಬರೆಯುವ ಕೆಲಸವೂ ಕಡಿಮೆ. ಊರಿಗೊಂದೇ ನೆಟ್‌ವರ್ಕ್ ಎಂದರೂ ಪ್ರತಿ ರೂಟರ್‌ನಲ್ಲಿ ಉಳಿದ ಆರು ಊರಿಗೆ ಎರಡೆರಡು ಸಾಲು, ಅಂದರೆ 12. ಏಳು ರೂಟರ್‌ಗೆ 84. ಜಮಖಂಡಿಯಲ್ಲಿ ಒಂದು ಶಾಖೆ ತೆರೆದರೆ 112. ಅದರಲ್ಲಿ ಒಂದು ಅಂಕಿ ತಪ್ಪಿದ್ದರೂ ಅದು ಹೊರಬೀಳುವುದು ಲೈನು ಕಡಿದ ದಿನವೇ.

ಆದರೆ ಹಚ್ಚುವಾಗ ಕೈ ಎಚ್ಚರ ಇರಬೇಕು. ‘ನಾನಿದ್ದೇನೆ’ ಎನ್ನುವ ಹೆಲೋ ಪ್ಯಾಕೆಟ್ 10 ಸೆಕೆಂಡಿಗೊಂದು, 40 ಸೆಕೆಂಡು ಬಾರದಿದ್ದರೆ ನೆರೆಯವನು (ಪಕ್ಕದ ರೂಟರ್) ಸತ್ತ ಎಂದು ಲೆಕ್ಕ. ರೂಟರ್ ಮುಂದೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ತಂತಿಗೆ ಜೋಡಿಸುವ ಪೆಟ್ಟಿಗೆ) ಇದ್ದರೆ ಆಚೆ ಫೈಬರ್ ಕಡಿದರೂ ಈಚೆ ಪೋರ್ಟಿನ ದೀಪ ಉರಿಯುತ್ತಲೇ ಇರಬಹುದು. ಆಗ ಆ 40 ಸೆಕೆಂಡು ಪೂರ್ತಿ ಕಾಯಬೇಕಾಗುತ್ತದೆ. 300 ಮಿಲಿಸೆಕೆಂಡಿಗೊಮ್ಮೆ ಲೈನನ್ನು ತಪಾಸಣೆ ಮಾಡುವ ಬಿಎಫ್‌ಡಿ ಹಚ್ಚಿ ಮೂರು ತಪ್ಪಿದರೆ ಸತ್ತಂತೆ ಎಂದಿಟ್ಟರೆ ಒಂದು ಸೆಕೆಂಡಿನೊಳಗೆ ಗೊತ್ತಾಗುತ್ತದೆ. ಹಲವು ರೂಟರ್‌ಗಳು ವೆಚ್ಚವನ್ನು 100 ಎಂಬಿಪಿಎಸ್ ಆಧಾರವಾಗಿಟ್ಟು ಎಣಿಸುತ್ತವೆ (ಆಧಾರವನ್ನು ಲೈನಿನ ವೇಗದಿಂದ ಭಾಗಿಸಿ; 1ಕ್ಕಿಂತ ಕಡಿಮೆ ಬಂದರೆ 1). ಹಾಗೆ ಬಿಟ್ಟರೆ 100 ಎಂಬಿಪಿಎಸ್ ಲೈನಿಗೂ 1 ಜಿಬಿಪಿಎಸ್ ಲೈನಿಗೂ ವೆಚ್ಚ 1. ಏಳೂ ಕಡೆ ಆಧಾರವನ್ನು 10 ಜಿಬಿಪಿಎಸ್‌ಗೆ ಏರಿಸಿದರೆ 100 ಮತ್ತು 10 ಎಂದು ಬೇರೆಯಾಗುತ್ತದೆ. ಎರಡೇ ರೂಟರ್ ಇರುವ ಲೈನನ್ನು ಪಾಯಿಂಟ್-ಟು-ಪಾಯಿಂಟ್ ಎಂದು ಘೋಷಿಸಿ, ಆ ಲೈನಿಗೊಂದು ಮುಖ್ಯ ರೂಟರನ್ನು ಆಯ್ದುಕೊಳ್ಳುವ ಕಾಯುವಿಕೆ ತಪ್ಪುತ್ತದೆ. ಕಚೇರಿಯೊಳಗಿನ ಪೋರ್ಟ್‌ಗಳೆಲ್ಲ ಪ್ಯಾಸಿವ್ (ಹೆಲೋ ಕಳಿಸದಂತೆ) ಇರಲಿ, ಲೈನುಗಳಿಗೆ ಪಾಸ್‌ವರ್ಡ್ ದೃಢೀಕರಣ ಇರಲಿ.

ವಿರೋಧ: ಉಂಗುರವೇ ಬೇಡವಾದಾಗ ನಕ್ಷೆ ಯಾಕೆ?

ಪ್ಯಾಕೆಟ್ ಸುತ್ತುವ ಮೇಲಿನ ಲೂಪ್‌ನ ವಿವರ ಸರಿಯಾಗಿದೆ. ಉಂಗುರದಲ್ಲಿ ಸ್ಟ್ಯಾಟಿಕ್ ರೂಟ್ ಇಡಬಾರದು, ಒಪ್ಪಿದೆ. ಆದರೆ ಈ ಸಂಸ್ಥೆಗೆ ಉಂಗುರ ಯಾಕೆ ಬೇಕು? ಪಿಗ್ಮಿ ಜಮೆ, ಚಿನ್ನದ ಸಾಲ, ಠೇವಣಿ, ಎಲ್ಲ ನಮೂದೂ ಬೆಳಗಾವಿಯ ಸರ್ವರ್‌ಗೇ ಹೋಗುತ್ತವೆ. ಅಥಣಿಯ ಕೌಂಟರ್ ಮುಧೋಳದ ಕೌಂಟರ್ ಜೊತೆ ನೇರವಾಗಿ ಮಾತಾಡುವ ಪ್ರಸಂಗವೇ ಇಲ್ಲ. ಗಾಲಿಯ ಅರಗಳಂತೆ ಪ್ರತಿ ಶಾಖೆಯಿಂದ ಬೆಳಗಾವಿಗೆ ಎರಡು ಟನಲ್ (ಇಂಟರ್ನೆಟ್ ಮೇಲೆ ಹಾಯುವ ಖಾಸಗಿ ದಾರಿ) ಸಾಕು: ಒಂದು ಫೈಬರ್ ಮೇಲೆ, ಇನ್ನೊಂದು 4ಜಿ ಸಿಮ್ ಮೇಲೆ. ಹೊಳೆ ಬಂದು ಫೈಬರ್ ಹೋದರೆ ಸಿಮ್ ಇರುತ್ತದೆ, ಅದು ಪಕ್ಕದೂರಿನ ರೂಟರನ್ನು ನಂಬಿಕೊಂಡಿರುವುದಿಲ್ಲ.

ಆಗ ಶಾಖೆಯ ರೂಟರ್‌ನಲ್ಲಿ ದಾರಿ ಎರಡೇ ಸಾಲು. ಬೆಳಗಾವಿಯಲ್ಲಿ ಆರು ಶಾಖೆಗೆ ಎರಡೆರಡು. ಒಟ್ಟು 24 (ಕೊನೆಗೆ ಹೇಳುವ ತಪಾಸಣೆಯ ಸಾಲು ಬಿಟ್ಟು). ಜಮಖಂಡಿ ಸೇರಿದರೆ 28. ಒಂದು ಹಾಳೆಯಲ್ಲಿ ಬರೆದು ರೂಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಬಹುದು.

ಓಎಸ್‌ಪಿಎಫ್ ಕೆಟ್ಟಾಗ ಅದನ್ನು ಓದಬಲ್ಲವರು ಬೇಕು. ಒಂದು ಉದಾಹರಣೆ: ಲೈನಿನ ಒಂದು ತುದಿ ಪಿಪಿಪಿಒಇ (ಬ್ರಾಡ್‌ಬ್ಯಾಂಡ್ ಲಾಗಿನ್ ವಿಧಾನ) ಮೇಲಿದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1492 ಬೈಟ್, ಇನ್ನೊಂದು ತುದಿ 1500. ಹೆಲೋ ಚಿಕ್ಕ ಪ್ಯಾಕೆಟ್, ಅದರಲ್ಲಿ ಎಂಟಿಯು ಬರೆದಿರುವುದಿಲ್ಲ, ಆದ್ದರಿಂದ ನೆರೆಯವರು ಪರಸ್ಪರ ಕಾಣುತ್ತಾರೆ. ಮುಂದಿನ ಹಂತದಲ್ಲಿ ಮಾಹಿತಿಯ ಪಟ್ಟಿ ಬದಲಿಸಿಕೊಳ್ಳುವಾಗ ಎಂಟಿಯು ಹೋಲಿಸುತ್ತಾರೆ. ದೊಡ್ಡದು ಬಂದರೆ ಚಿಕ್ಕದಿರುವ ತುದಿ ತಿರಸ್ಕರಿಸುತ್ತದೆ. ನೆರೆಯವರ ಸಂಪರ್ಕ ಎಕ್ಸ್‌ಸ್ಟಾರ್ಟ್ ಅಥವಾ ಎಕ್ಸ್‌ಚೇಂಜ್ ಎಂಬ ನಡುಹಂತದಲ್ಲೇ ನಿಲ್ಲುತ್ತದೆ. ಪಿಂಗ್ (ಆಚೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷೆ) ಹೋಗುತ್ತದೆ, ದೀಪ ಹಸಿರಿದೆ, ರೂಟ್ ಮಾತ್ರ ಬರುವುದಿಲ್ಲ. ಗೊತ್ತಿಲ್ಲದವರು ಎಂಟಿಯು ಹೋಲಿಕೆಯನ್ನೇ ಕಡೆಗಣಿಸುವ ಸೆಟ್ಟಿಂಗ್ ಹಾಕಿ ದಾಟಿಬಿಡುತ್ತಾರೆ. ಆಮೇಲೆ ದೊಡ್ಡ ಪ್ಯಾಕೆಟ್ ಬಿದ್ದುಹೋಗಿ, ಲಾಗಿನ್ ಆದರೂ ಪಾಸ್‌ಬುಕ್ ವಿವರ ತೆರೆಯದೆ ನಿಲ್ಲುತ್ತದೆ. ಬೆಳಿಗ್ಗೆ ಹತ್ತಕ್ಕೆ ಕೌಂಟರ್ ಮುಂದೆ ಸರದಿ ನಿಂತಿರುವಾಗ ಇದನ್ನು ಬಿಡಿಸಬಲ್ಲವರು ತಾಲೂಕು ಊರಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಅರ್ಧ ಕೆಟ್ಟ ಲೈನಿನ ವಿಷಯದಲ್ಲೂ ಓಎಸ್‌ಪಿಎಫ್ ಕುರುಡು. ನೂರರಲ್ಲಿ 30 ಪ್ಯಾಕೆಟ್ ಕಳೆಯುವ ಲೈನಿನಲ್ಲಿ ಗ್ರಾಹಕರ ಕೆಲಸ ನಿಂತೇ ಹೋಗುತ್ತದೆ. ಬಿಎಫ್‌ಡಿ ಇಲ್ಲದಿದ್ದರೆ ನೆರೆಯವನು ಸತ್ತ ಎಂದಾಗಲು ಸಾಲಾಗಿ ನಾಲ್ಕು ಹೆಲೋ ಕಳೆಯಬೇಕು; ಅದರ ಸಾಧ್ಯತೆ ಒಂದೊಂದು ಸಲಕ್ಕೆ ಶೇ. 1ಕ್ಕಿಂತ ಕಡಿಮೆ. ಅಲ್ಲಿಯವರೆಗೆ ಅದೇ ಹಾಳು ಲೈನೇ ಉತ್ತಮ ದಾರಿ. ನಾಲ್ಕು ಕಳೆದಾಗ ಬಿದ್ದು, ಮತ್ತೆ ಎದ್ದು, ಪ್ರತಿ ಸಲವೂ ಏಳು ರೂಟರ್‌ಗಳಿಗೆ ಹೊಸ ಲೆಕ್ಕ. ಪಕ್ಕದ ತಪ್ಪೂ ಹಾಗೆಯೇ ಹರಡುತ್ತದೆ: ಒಂದು ಶಾಖೆ ತಪ್ಪಾಗಿ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದಕ್ಕೆಲ್ಲ ಹಿಡಿಯುವ ದಾರಿ) ಸಾರಿದರೆ ಬೇರೆ ಊರಿನ ದಟ್ಟಣೆಯೂ ಅತ್ತ ಹರಿಯಬಹುದು. ಸ್ಟ್ಯಾಟಿಕ್‌ನಲ್ಲಿ ಗೋಕಾಕದ ತಪ್ಪು ಗೋಕಾಕದಲ್ಲೇ ಉಳಿಯುತ್ತದೆ.

ಸ್ಟ್ಯಾಟಿಕ್‌ನಲ್ಲಿ ಮುಖ್ಯವಾದದ್ದು ತಪಾಸಣೆಯ ಪಿಂಗ್: ಉತ್ತರ ಬಾರದಿದ್ದರೆ ರೂಟರ್ ಆ ದಾರಿ ಬಿಟ್ಟು ಬದಲಿ ಹಿಡಿಯುತ್ತದೆ. ಮುಂದಿನ ಗೇಟ್‌ವೇಗೆ (ದಾರಿಯ ಮೊದಲ ರೂಟರ್) ಮಾತ್ರ ಪಿಂಗ್ ಮಾಡಿದರೆ ಅದರಾಚೆ ಕಡಿದದ್ದು ತಿಳಿಯುವುದಿಲ್ಲ. ಬೆಳಗಾವಿಯ ರೂಟರ್‌ನಲ್ಲಿ ಪಿಂಗ್‌ಗೆಂದೇ ಒಂದು ವಿಳಾಸ ಇಟ್ಟು, ಅದಕ್ಕೆ /32 (ಆ ಒಂದೇ ವಿಳಾಸದ) ರೂಟನ್ನು ಫೈಬರ್ ಟನಲ್‌ಗೇ ಕಟ್ಟಿ. ಅದೇ ವಿಳಾಸಕ್ಕೆ ಡಿಸ್ಟನ್ಸ್ 254ರ ಬ್ಲ್ಯಾಕ್‌ಹೋಲ್ (ಪ್ಯಾಕೆಟ್ಟನ್ನು ಅಲ್ಲೇ ಬೀಳಿಸುವ) ಸಾಲು ಒಂದನ್ನು ಸೇರಿಸಿ. ಇಲ್ಲದಿದ್ದರೆ ಫೈಬರ್ ಟನಲ್ ಬಿದ್ದಾಗ ಪಿಂಗ್ ಸಿಮ್ ಮೂಲಕ ಸುತ್ತಿ ಬಂದು ಉತ್ತರ ತರುತ್ತದೆ, ರೂಟರ್ ಫೈಬರ್ ಸರಿಯಾಯಿತೆಂದು ಅತ್ತ ಮರಳುತ್ತದೆ, ಮತ್ತೆ ಬೀಳುತ್ತದೆ. ಶಾಖೆ ಹೀಗೆ ಅತ್ತಿತ್ತ ಒದ್ದಾಡುತ್ತಲೇ ಇರುತ್ತದೆ. ಇದೇ ತಪಾಸಣೆ ಬೆಳಗಾವಿ ಕಡೆಯಿಂದ ಪ್ರತಿ ಶಾಖೆಗೂ ಇರಬೇಕು, ಇಲ್ಲವಾದರೆ ಹೋದದ್ದಕ್ಕೆ ಉತ್ತರ ಬಾರದು. ತಿಂಗಳಿಗೊಂದು ಭಾನುವಾರ ಶಾಖೆಯ ಫೈಬರ್ ಕೀಳಿ, ಸಿಮ್ ಮೇಲೆ ಒಂದು ನಮೂದು ಮಾಡಿ ನೋಡಿ, ಬಳಿಕ ಫೈಬರ್ ಸಿಕ್ಕಿಸಿ ದಾರಿ ತಾನಾಗಿ ಮರಳಿತೇ ಎಂದು ಪಟ್ಟಿಯಲ್ಲಿ ಗುರುತು ಹಾಕಿ. ಸಿಮ್‌ನ ರೀಚಾರ್ಜ್ ಅವಧಿಯನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ.