ಸತ್ಯಾಂಶ: ಅಜ್ಜಿ ಕಾಲದ ಮಿಕ್ಸಿ ಕೆಡುವುದೇ ಇಲ್ವಾ?

"ಹಳೇ ಮಿಕ್ಸಿಗೆ ಸಾವಿಲ್ಲ, ಈಗಿನವನ್ನು ಬೇಕಂತಲೇ ಬೇಗ ಕೆಡುವಂತೆ ಮಾಡುತ್ತಾರೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಪೂರ್ತಿ ನಿಜವಲ್ಲ.

ಕೆಟ್ಟುಹೋದ ಹಳೇ ಮಿಕ್ಸಿಗಳು ಯಾವತ್ತೋ ಗುಜರಿ ಸೇರಿವೆ. ಉಳಿದ ಗಟ್ಟಿಯವು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತವೆ, ಅಲ್ವಾ?

ಅವೂ ಸುಮ್ನೆ ಉಳಿದಿಲ್ಲ. ಮಿಕ್ಸಿ ಮೋಟರಿನ ಎರಡೂ ಬದಿಗೆ ಚಿಕ್ಕ ಕಾರ್ಬನ್ ಬ್ರಶ್, ಅಂದರೆ ತಿರುಗುವ ಭಾಗಕ್ಕೆ ಕರೆಂಟ್ ತಲುಪಿಸುವ ತುಂಡುಗಳು, ಇರುತ್ತವೆ. ತಿರುಗುವ ತಾಮ್ರದ ಪಟ್ಟಿಗಳಿಗೆ ಉಜ್ಜಿ ಉಜ್ಜಿ ಅವು ಸವೆಯುತ್ತವೆ. ಕಿಂಡಿಯೊಳಗೆ ಕಿಡಿ ಜಾಸ್ತಿಯಾದರೆ, ಮೋಟರ್ ನಿಂತು ನಿಂತು ಓಡಿದರೆ, ಮೊದಲ ಅನುಮಾನ ಅವುಗಳ ಮೇಲೆ. ಜಾರನ್ನು ಮೋಟರಿಗೆ ಜೋಡಿಸುವ, ಜಾರ್ ಕೆಳಗಿನ ಕಪ್ಲರ್ ಕೂಡ ಸವೆಯುವ ವಸ್ತುವೇ. ಅಜ್ಜಿ ಇವನ್ನು ಬದಲಿಸಿ ಓಡಿಸುತ್ತಿದ್ದರು. ನಾವು ಹೊಸ ಮಿಕ್ಸಿಯನ್ನೇ ತರುತ್ತೇವೆ.

ಬೇಕಂತಲೇ ಆಯಸ್ಸು ಇಳಿಸಿದ್ದು ಬಲ್ಬಿನ ಕಥೆಯಲ್ಲಿ ನಿಜ. 1924ರಲ್ಲಿ ಶುರುವಾದ ಫೀಬಸ್ ಎಂಬ ಕಂಪನಿಗಳ ಕೂಟ ಬಲ್ಬಿಗೆ 1000 ಗಂಟೆಯ ಮಿತಿ ಹಾಕಿತ್ತು. ಮಿಕ್ಸಿಗೂ ಹಾಗೇ ಮಾಡಿದ್ದಾರೆ ಎನ್ನಲು ಈ ಸಂದೇಶ ಯಾವ ಪುರಾವೆಯನ್ನೂ ಕೊಡುವುದಿಲ್ಲ.

ಅಟ್ಟದಿಂದ ಹಳೇದನ್ನು ಇಳಿಸಿದ್ದೀರಾ? ಮೊದಲು ವೈರ್ ಬಗ್ಗಿಸಿ ನೋಡಿ. ಬಿರುಕು ಕಂಡರೆ, ಬದಲಿಸುವ ತನಕ ಪ್ಲಗ್ ಹಾಕಬೇಡಿ.