ನುಡಿಸುವ ಕೈಗೆ ಬಟನ್ನೇ ಬೇಕು

ಅರೇಂಜರ್ ಕೀಬೋರ್ಡ್ ತಗೋಬೇಕು ಅಂತ ಯಾರಾದರೂ ಫೋನ್ ಮಾಡಿದರೆ ಈಗೀಗ ಮೊದಲ ಪ್ರಶ್ನೆಯೇ "ಸರ್, ಅದು ಟಚ್ ತಾನೇ?" ಅಂತ. ಟೋನ್ ಹೇಗಿದೆ, ಕೀ ಹೇಗಿದೆ, ತಬಲಾ ಸ್ಟೈಲ್‌ಗಳು ಕೇಳೋ ಹಾಗಿವೆಯಾ, ಇದೆಲ್ಲ ಆಮೇಲಿನ ಮಾತು. ಅಂಗಡಿಯಲ್ಲೂ ಹಾಗೇ. ದೊಡ್ಡ ಬಣ್ಣದ ಸ್ಕ್ರೀನ್ ಇರುವ ಮಾಡೆಲ್ ಕಣ್ಣಿಗೆ ಬೀಳೋ ಕಡೆ ಇಟ್ಟಿರುತ್ತಾರೆ, ಬಟನ್ ತುಂಬಿರುವುದು ಹಿಂದೆಲ್ಲೋ ಇರುತ್ತೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹಾಡು ನಡೆಯುತ್ತಿರುವಾಗ ಕೈ ಹೋಗಬೇಕಾದ ಪ್ರತಿಯೊಂದಕ್ಕೂ ನಿಜವಾದ ಬಟನ್ ಇರಬೇಕು. ಟಚ್ ಸ್ಕ್ರೀನ್ ಇರಲಿ, ಬೇಡ ಅಂತಿಲ್ಲ, ಆದರೆ ಅದು ಮನೆಯಲ್ಲಿ ಕೂತು ತಯಾರಿ ಮಾಡಿಕೊಳ್ಳೋಕೆ. ಕಂಪನಿಗಳು ಈ ಎರಡು ಕೆಲಸವನ್ನೂ ಒಂದೇ ಗಾಜಿನ ಮೇಲೆ ಹಾಕುತ್ತಾ ಬರುತ್ತಿವೆ, ಅದರ ಕಷ್ಟ ಬೀಳುವುದು ಸ್ಟೇಜ್ ಮೇಲೆ ಕೂತವರಿಗೆ.

ಗೊತ್ತಿಲ್ಲದವರಿಗೆ ಒಂದು ಮಾತು. ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಮೂರ್ನಾಲ್ಕು ಸ್ವರ) ಹಿಡಿದರೆ ಅದಕ್ಕೆ ತಕ್ಕ ಹಾಗೆ ರಿದಂ, ಬೇಸ್, ಗಿಟಾರ್, ಸ್ಟ್ರಿಂಗ್ಸ್ ಎಲ್ಲವನ್ನೂ ತಾನೇ ನುಡಿಸುವ ಕೀಬೋರ್ಡೇ ಅರೇಂಜರ್. ಅದು ನುಡಿಸುವ ಆ ಸಿದ್ಧ ಹಿನ್ನೆಲೆಗೆ ಸ್ಟೈಲ್ ಅಂತಾರೆ. ಗಣೇಶನ ಪೆಂಡಾಲ್ ರಸಮಂಜರಿ, ನವೆಂಬರ್ ತಿಂಗಳ ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಊರ ಜಾತ್ರೆ, ಹೀಗೆ ಪೂರ್ತಿ ಆರ್ಕೆಸ್ಟ್ರಾ ಕರೆಸೋಕೆ ದುಡ್ಡು ಸಾಲದ ಕಡೆಯಲ್ಲೆಲ್ಲ ಒಬ್ಬ ಕೀಬೋರ್ಡ್ ವಾದಕ, ಒಬ್ಬರು ರಿದಂ ಪ್ಯಾಡ್, ಇಬ್ಬರು ಗಾಯಕರು ಇದ್ದರೆ ಇಡೀ ರಾತ್ರಿ ಕಾರ್ಯಕ್ರಮ ನಡೆದುಹೋಗುತ್ತೆ.

ಈಗ ಲೆಕ್ಕ ಹಾಕಿ ನೋಡಿ. ಟೆಂಪೋ 120 (ನಿಮಿಷಕ್ಕೆ 120 ಬೀಟ್) ಇದ್ದರೆ ನಾಲ್ಕು ಬೀಟಿನ ಒಂದು ಬಾರ್‌ಗೆ ಸಿಗುವುದು ಎರಡೇ ಸೆಕೆಂಡ್. ಪಲ್ಲವಿ ಮುಗೀತಾ ಇದೆ, ಚರಣಕ್ಕೆ ಮೇನ್ ಎ ಬಿಟ್ಟು ಮೇನ್ ಬಿಗೆ (ಒಂದೇ ಸ್ಟೈಲ್‌ನ ಬೇರೆ ಬೇರೆ ನಡೆಗಳು ಇವು) ಹೋಗಬೇಕು, ನಡುವೆ ಒಂದು ಫಿಲ್, ಅಂದರೆ ಜೋಡಿಸುವ ಪುಟ್ಟ ರಿದಂ ತುಣುಕು, ಬೀಳಬೇಕು. ಫಿಲ್ ಶುರುವಾಗುವುದು ನಾವು ಒತ್ತಿದ ಕಡೆಯಿಂದ, ಮುಗಿಯುವುದು ಬಾರ್ ಕೊನೆಗೆ. ಬಾರ್‌ನ ಮೊದಲಲ್ಲೇ ಒತ್ತಿದರೆ ಉದ್ದದ ಫಿಲ್ ಬರುತ್ತೆ, ಕೊನೆಯಲ್ಲಿ ಒತ್ತಿದರೆ ಒಂದೆರಡು ಏಟು ಅಷ್ಟೇ. ಅಂದರೆ ಬಟನ್ ಒತ್ತುವುದೂ ನುಡಿಸುವುದರ ಭಾಗವೇ, ಕೀ ಒತ್ತಿದಷ್ಟೇ ತಾಳಕ್ಕೆ ಸರಿಯಾಗಿ ಒತ್ತಬೇಕು. ಕಾರ್ಡ್‌ನಿಂದ ಕೈ ತೆಗೆದರೂ ಸ್ಟೈಲ್ ಅದೇ ಕಾರ್ಡ್‌ನಲ್ಲಿ ಓಡುತ್ತಾ ಇರುತ್ತೆ. ಹಾಗಾಗಿ ಒಂದು ಕಾರ್ಡಿಗೂ ಇನ್ನೊಂದು ಕಾರ್ಡಿಗೂ ನಡುವೆ ಎಡಗೈಗೆ ಒಂದೆರಡು ಬೀಟ್ ಬಿಡುವು ಸಿಗುತ್ತೆ. ನಮ್ಮ ಎಲ್ಲಾ ಕೆಲಸ ಆ ಬಿಡುವಿನಲ್ಲೇ ಮುಗಿಯಬೇಕು.

ಬಟನ್ನಿಗೂ ಗಾಜಿಗೂ ಇರುವ ದೊಡ್ಡ ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ಬಟನ್ ಮೇಲೆ ಬೆರಳು ಇಟ್ಟು ಕಾಯಬಹುದು. ಎರಡನೇ ಬೀಟಿಗೇ ಬೆರಳನ್ನು ಅಲ್ಲಿಗೆ ಒಯ್ದು, ಅಂಚು ಸವರಿ ಇದೇ ಮೇನ್ ಬಿ ಅಂತ ಖಾತ್ರಿ ಮಾಡಿಕೊಂಡು, ಕಣ್ಣು ಗಾಯಕಿಯ ಕಡೆ ಇಟ್ಟುಕೊಂಡೇ, ನಾಲ್ಕನೇ ಬೀಟಿಗೆ ಸರಿಯಾಗಿ ಒತ್ತಬಹುದು. ಗಾಜಿನ ಮೇಲೆ ಬೆರಳಿಟ್ಟರೆ ಮುಗೀತು, ಅದು ಒತ್ತಿದ ಹಾಗೇ. ಕಾಯೋಕೆ ಜಾಗವೇ ಇಲ್ಲ. ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ಗುರಿ ನೋಡಿ, ತಾಳಕ್ಕೆ ಸರಿಯಾಗಿ ಇಳಿಸಬೇಕು. ಅಷ್ಟರಲ್ಲಿ ಗಾಯಕಿ ಚರಣ ಬಿಟ್ಟು ಪಲ್ಲವಿಗೇ ವಾಪಸ್ ಹೋಗುವ ಸನ್ನೆ ಮಾಡಿರುತ್ತಾರೆ, ನಾವು ನೋಡಿರುವುದೇ ಇಲ್ಲ.

"ಇಂಟ್ರೋ, ಮೇನ್, ಎಂಡಿಂಗ್ ಬಟನ್‌ಗಳನ್ನು ಯಾರೂ ತೆಗೆದಿಲ್ಲವಲ್ಲ" ಅಂತ ಕೇಳಬಹುದು. ನಿಜ, ತೆಗೆದಿಲ್ಲ. ಯಮಾಹಾ ಜೀನೋಸ್‌ನಲ್ಲೂ ಇವೆ, ಪಿಎಸ್‌ಆರ್-ಎಸ್‌ಎಕ್ಸ್900ರಲ್ಲೂ ಇವೆ. ಹೋಗಿರುವುದು ಬೇರೆಯವು. ಹಳೇ ಪಿಎಸ್‌ಆರ್-ಎಸ್ ಸೀರೀಸ್ ನೆನಪಿದೆಯಾ? ಸ್ಟೈಲ್‌ಗೆ ಒಂದೊಂದು ವರ್ಗಕ್ಕೆ ಒಂದೊಂದು ಬಟನ್, ವಾಯ್ಸ್‌ಗೂ (ಕೊಳಲು, ಸ್ಟ್ರಿಂಗ್ಸ್ ತರಹದ ವಾದ್ಯದ ದನಿಗಳಿಗೂ) ಹಾಗೇ. ಸ್ಕ್ರೀನಿನ ಎಡಕ್ಕೆ ಎ ಯಿಂದ ಇ, ಬಲಕ್ಕೆ ಎಫ್ ನಿಂದ ಜೆ, ಕೆಳಗೆ 1ರಿಂದ 8. ವರ್ಗದ ಬಟನ್ ಒತ್ತಿ, ಪಕ್ಕದ ಬಟನ್ ಒತ್ತಿದರೆ ಸ್ಟೈಲ್ ಬಂತು. ಎಷ್ಟೋ ವಾದಕರಿಗೆ ಅದು ಬಾಯಿಪಾಠವಲ್ಲ, ಕೈಪಾಠ ಆಗಿತ್ತು. 2019ರಲ್ಲಿ ಎಸ್‌ಎಕ್ಸ್900, ಎಸ್‌ಎಕ್ಸ್700 ಬಂದಾಗ 7 ಇಂಚಿನ ಟಚ್ ಸ್ಕ್ರೀನ್ ಬಂತು, ವರ್ಗದ ಬಟನ್‌ಗಳು ಹೋದವು. ಈಗ ಹೋಮ್‌ನಲ್ಲಿ ಸ್ಟೈಲ್ ಹೆಸರು ಮುಟ್ಟಬೇಕು, ವರ್ಗ ಹುಡುಕಿ ಮುಟ್ಟಬೇಕು, ಪುಟ ತಿರುಗಿಸಬೇಕು, ಸ್ಟೈಲ್ ಮುಟ್ಟಬೇಕು, ಮತ್ತೆ ಹೋಮ್‌ಗೆ ಬರಬೇಕು. ಮನೆಯಲ್ಲಿ ಇದು ಏನೂ ಅಲ್ಲ. ಸ್ಟೇಜ್ ಮೇಲೆ ಚೀಟಿ ಬಂದಾಗ ಕಷ್ಟ ಗೊತ್ತಾಗುತ್ತೆ. ಪಟ್ಟಿಯಲ್ಲಿ ಇಲ್ಲದ ಹಾಡು, ರಿಜಿಸ್ಟ್ರೇಷನ್ (ಸ್ಟೈಲ್, ವಾಯ್ಸ್ ಎಲ್ಲ ಸೇರಿಸಿ ಒಂದು ಬಟನ್‌ಗೆ ಮೊದಲೇ ಉಳಿಸಿಡುವುದು) ಮಾಡಿಟ್ಟಿಲ್ಲ, ನಿರೂಪಕರು ಆಗಲೇ ಹಾಡಿನ ಹೆಸರು ಹೇಳಿಯಾಗಿದೆ. ಗಾಯಕರು ತಿರುಗಿ "ಅರ್ಧ ಸ್ಕೇಲ್ ಇಳಿಸಿ ಸರ್" ಅನ್ನುತ್ತಾರೆ. ಸ್ಕೇಲ್ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್‌ಗೆ ಬಟನ್ ಇದ್ದರೆ ಒಂದೇ ಒತ್ತು. ಅದೂ ಮೆನು ಒಳಗಿದ್ದರೆ ಏನು ಮಾಡಬೇಕು ಹೇಳಿ?

ಕಂಪನಿಗಳಿಗೆ ಇದು ಗೊತ್ತಿಲ್ಲ ಅಂತಲ್ಲ. 2017ರಲ್ಲಿ ಬಂದ ಜೀನೋಸ್ ನೋಡಿ. 9 ಇಂಚಿನ ಟಚ್ ಸ್ಕ್ರೀನ್ ಇದ್ದರೂ 9 ಸ್ಲೈಡರ್, 6 ನಾಬ್ ಕೊಟ್ಟಿದ್ದಾರೆ. ಎಲ್ಲವೂ ಸ್ಕ್ರೀನ್‌ನಲ್ಲೇ ಆಗುವುದಾಗಿದ್ದರೆ ಅಷ್ಟು ಯಾಕೆ ಬೇಕಿತ್ತು? ಎಸ್‌ಎಕ್ಸ್900ಕ್ಕೆ ಬಂದರೆ ಸಿಗುವುದು ಎರಡು ನಾಬ್, ಮಿಕ್ಸರ್ ಪೂರ್ತಿ ಸ್ಕ್ರೀನ್ ಒಳಗೆ. ಕೈಗೆ ಸಿಗುವ ಸ್ಲೈಡರ್ ಬೇಕು ಅಂದರೆ ದುಬಾರಿ ಮಾಡೆಲ್‌ಗೇ ಹೋಗಬೇಕು ಅನ್ನುವ ಹಾಗಾಗಿದೆ, ಇದು ನನಗೆ ನಿಜವಾಗಿ ಬೇಜಾರು. ಬ್ಯಾಕಿಂಗ್ ಜಾಸ್ತಿಯಾಗಿ ಗಾಯಕರ ದನಿ ಮುಳುಗಿದಾಗ ಕೈ ತಾನಾಗಿ ಹೋಗಿ ಇಳಿಸುವ ಒಂದು ಸ್ಲೈಡರ್, ಅದು ಶ್ರೀಮಂತರಿಗೆ ಮಾತ್ರ ಬೇಕಾದ ಸೌಕರ್ಯ ಅಲ್ಲ.

ಟಚ್ ಏನೂ ಹೊಸದಲ್ಲ ಅನ್ನುವುದನ್ನೂ ಹೇಳಬೇಕು. ಕೋರ್ಗ್ 1995ರಲ್ಲೇ ಟ್ರಿನಿಟಿ ವರ್ಕ್‌ಸ್ಟೇಷನ್‌ಗೆ ಟಚ್ ಸ್ಕ್ರೀನ್ ಹಾಕಿತ್ತು, 2003ರ ಪಿಎ1ಎಕ್ಸ್ ಅರೇಂಜರ್‌ನಲ್ಲೂ ಇತ್ತು. ಆದರೆ ಪಿಎ600 ತರಹದ ಮಾಡೆಲ್‌ಗಳಲ್ಲಿ ಸ್ಕ್ರೀನ್ ಜೊತೆಗೇ ಸ್ಟೈಲ್ ಬ್ಯಾಂಕ್ ಬಟನ್‌ಗಳನ್ನೂ ಉಳಿಸಿದ್ದರು. ಬ್ಯಾಂಕ್‌ಗೆ ಬಟನ್, ಒಳಗಿನ ಆಯ್ಕೆಗೆ ಸ್ಕ್ರೀನ್. ನನ್ನ ಮಟ್ಟಿಗೆ ಅದೇ ಸರಿಯಾದ ಹಂಚಿಕೆ. ರೋಲೆಂಡ್‌ನ ಇ-ಎ7 ಇನ್ನೊಂದು ದಾರಿ ಹಿಡಿದಿತ್ತು, ಟಚ್ ಇಲ್ಲದ ಎರಡು ಡಿಸ್‌ಪ್ಲೇ, ಸುತ್ತಲೂ ಬಟನ್ನೇ ಬಟನ್. ನೋಡೋಕೆ ಗಾಬರಿ ಆಗುತ್ತೆ, ಕೈ ಕೂತ ಮೇಲೆ ಬಿಡೋಕೆ ಮನಸ್ಸಾಗಲ್ಲ.

ಚಪ್ಪಟೆ ಬಟನ್ ಬಗ್ಗೆ ಜಗಳ ಇನ್ನೂ ಹಳೆಯದು. 1983ರ ಯಮಾಹಾ ಡಿಎಕ್ಸ್7 ಸಿಂಥಸೈಸರ್‌ಗೆ ಒತ್ತಿದ್ದು ಬೆರಳಿಗೆ ಸರಿಯಾಗಿ ಗೊತ್ತಾಗದ ಮೆಂಬ್ರೇನ್ ಬಟನ್‌ಗಳಿದ್ದವು. 1987ರಲ್ಲಿ ಡಿಎಕ್ಸ್7 ಟೂ ಬಂದಾಗ ಒತ್ತಿದರೆ ಒಳಗೆ ಹೋಗುವ ನಿಜವಾದ ಬಟನ್ ಹಾಕಿದರು. ಕಾರುಗಳಲ್ಲೂ ಈಗ ಇದೇ ನಡೀತಿದೆ. 2022ರಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆ ಗಂಟೆಗೆ 110 ಕಿ.ಮೀ. ವೇಗದಲ್ಲಿ ಒಂದಷ್ಟು ಸಾಮಾನ್ಯ ಕೆಲಸ ಮಾಡಿಸಿ ನೋಡಿತು. ಬಟನ್ ಇರುವ 2005ರ ಹಳೇ ವೋಲ್ವೋದಲ್ಲಿ ಎಲ್ಲಾ ಸೇರಿ 10 ಸೆಕೆಂಡ್ ಹಿಡಿಯಿತು, ಟಚ್ ಸ್ಕ್ರೀನಿನ ಒಂದು ಹೊಸ ಕಾರಿನಲ್ಲಿ 44 ಸೆಕೆಂಡಿಗಿಂತ ಜಾಸ್ತಿ. ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್ ತರಹದವಕ್ಕೆ ಕೈಗೆ ಸಿಗುವ ನಿಯಂತ್ರಣ ಇಲ್ಲದಿದ್ದರೆ ಪೂರ್ತಿ ಅಂಕ ಕೊಡಲ್ಲ ಅಂತ ಹೇಳಿದೆ. ನಮ್ಮದರಲ್ಲಿ ಜೀವಕ್ಕೆ ಅಪಾಯ ಇಲ್ಲ, ಒಪ್ಪಿದೆ. ಕಣ್ಣು ಬೇರೆ ಕಡೆ ಇರಬೇಕಾದ ಕೆಲಸ ಅನ್ನುವುದು ಮಾತ್ರ ಎರಡರಲ್ಲೂ ಒಂದೇ.

ಬೆವರಿನ ವಿಷಯ ಅಂಗಡಿಯ ಎಸಿಯಲ್ಲಿ ಗೊತ್ತಾಗಲ್ಲ. ಏಪ್ರಿಲ್, ಮೇ ತಿಂಗಳ ಮದುವೆ ಸೀಸನ್, ಮೇಲೆ ಫೋಕಸ್ ಲೈಟ್, ಬೆರಳ ತುದಿಯಲ್ಲೂ ನೀರು. ಮೊಬೈಲ್ ತರಹದ ಟಚ್ ನಮ್ಮ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಕೆಲಸ ಮಾಡುತ್ತೆ, ನೀರಿನ ಹನಿ ಬಿದ್ದರೆ ಅದಕ್ಕೆ ಗೊಂದಲ. ಹಳೇ ಬಗೆಯ ಟಚ್‌ನಲ್ಲಿ ಎರಡು ಪದರ ಒತ್ತಿಕೊಂಡು ಒಂದಕ್ಕೊಂದು ತಾಗಬೇಕು. ಅದಕ್ಕೆ ಬೆವರಿನ ಕಾಟ ಕಡಿಮೆ. ಆದರೆ ವರ್ಷ ಕಳೆದ ಹಾಗೆ ಇಲ್ಲಿ ಮುಟ್ಟಿದರೆ ಪಕ್ಕದ್ದು ಒತ್ತಿಕೊಳ್ಳೋಕೆ ಶುರುವಾಗಬಹುದು. ಕ್ಯಾಲಿಬ್ರೇಷನ್ ಅನ್ನುವ ಮೆನು ಇರುವುದೇ ಅದಕ್ಕೆ. ಇನ್ನು ಮಧ್ಯಾಹ್ನದ ಮೆರವಣಿಗೆ ವಾಹನದ ಮೇಲೆ ಬಿಸಿಲಿಗೆ ಕೂತು ನುಡಿಸಿದವರನ್ನು ಕೇಳಿ, ಸ್ಕ್ರೀನಲ್ಲಿ ಅವರ ಮುಖವೇ ಕಾಣುತ್ತೆ, ಸ್ಟೈಲ್ ಹೆಸರು ಕಾಣಲ್ಲ.

ಬಟನ್ ಕೆಡಲ್ಲ ಅಂತ ನಾನು ಹೇಳುತ್ತಿಲ್ಲ. ಕೆಡುತ್ತೆ. ಜಾತ್ರೆಯ ಧೂಳು ಒಳಗೆ ಕೂತು ಒಮ್ಮೆ ಒತ್ತಿದರೆ ಎರಡು ಸಲ ಬೀಳುತ್ತೆ, ಇಲ್ಲವೇ ಬೀಳುವುದೇ ಇಲ್ಲ. ಆದರೆ ಒಂದು ಬಟನ್ ಹೋದರೆ ಹೋಗುವುದು ಒಂದೇ ಕೆಲಸ. ಒಳಗಿರುವುದು ಟ್ಯಾಕ್ಟ್ ಸ್ವಿಚ್ (ಒತ್ತಿದರೆ ಟಿಕ್ ಅನ್ನುವ ಪುಟ್ಟ ಸ್ವಿಚ್) ಆದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೆಲವೇ ರೂಪಾಯಿಗೆ ಸಿಗುತ್ತೆ, ಬೆಸುಗೆ ಗೊತ್ತಿರುವ ಊರಿನ ರಿಪೇರಿಯವರೇ ಹಾಕಿಕೊಡುತ್ತಾರೆ. ನನ್ನ ಸ್ನೇಹಿತರೊಬ್ಬರ ಕೀಬೋರ್ಡ್‌ನ ಟಚ್ ಪ್ಯಾನೆಲ್ ಸೀಸನ್ ನಡುವೆ ಕೈಕೊಟ್ಟಿತು. ಬ್ರ್ಯಾಂಡ್ ಹೆಸರು ಬೇಡ. ಪ್ಯಾನೆಲ್ ಹೊರಗಿಂದ ಬರಬೇಕು ಅಂದರು, ಕಾಯಿಸಿದರು, ಬೆಲೆ ಕೇಳಿ ಅವರು ಸುಮ್ಮನೆ ಕೂತುಬಿಟ್ಟರು. ಕೀ ಎಲ್ಲ ಸರಿ ಇದೆ, ಸೌಂಡ್ ಸರಿ ಇದೆ, ಆದರೆ ಸ್ಟೈಲ್ ಆರಿಸೋಕೇ ಆಗಲ್ಲ! ಒಪ್ಪಿಕೊಂಡಿದ್ದ ಕಾರ್ಯಕ್ರಮಗಳಿಗೆಲ್ಲ ಬಾಡಿಗೆ ಕೀಬೋರ್ಡ್ ಹೊತ್ತುಕೊಂಡು ಓಡಾಡಿದರು.

ಟಚ್ ಸ್ಕ್ರೀನ್ ನಿಜಕ್ಕೂ ವರವಾಗಿರುವ ಕಡೆ ಇದೆ. ಹಳೇ ಪಿಎಸ್‌ಆರ್-ಎಸ್‌ನಲ್ಲಿ ಒಂದು ರಿಜಿಸ್ಟ್ರೇಷನ್‌ಗೆ ಹೆಸರು ಹಾಕಬೇಕಂದರೆ ಹಳೇ ಮೊಬೈಲ್‌ನಲ್ಲಿ ಮೆಸೇಜ್ ಟೈಪ್ ಮಾಡಿದ ಹಾಗೆ ಒಂದೇ ಬಟನ್ ಮೂರು ಮೂರು ಸಲ ಒತ್ತಬೇಕಿತ್ತು. ಈಗ ಸ್ಕ್ರೀನಲ್ಲೇ ಅಕ್ಷರದ ಕೀ ಬರುತ್ತೆ, ಟಪ ಟಪ ಮುಗೀತು. ಸ್ಟೈಲ್ ಕ್ರಿಯೇಟರ್‌ನಲ್ಲಿ ನಮ್ಮದೇ ಕೆಹರ್ವಾ, ದಾದ್ರಾ ತಾಳದ ಸ್ಟೈಲ್ ಮಾಡಿಕೊಳ್ಳೋಕೆ, ಮಿಕ್ಸರ್‌ನಲ್ಲಿ ಒಂದೊಂದು ಪಾರ್ಟಿಗೆ ರಿವರ್ಬ್ ಹಾಕೋಕೆ, ಸಾಹಿತ್ಯ ಮುಂದೆ ಇಟ್ಟುಕೊಳ್ಳೋಕೆ ದೊಡ್ಡ ಸ್ಕ್ರೀನ್‌ಗಿಂತ ಒಳ್ಳೆಯದು ಇಲ್ಲ. ಈಗ ಕಲಿಯುತ್ತಿರುವ ಮಕ್ಕಳು ಮೊಬೈಲ್ ಜೊತೆಗೇ ಬೆಳೆದವರು, ಅವರಿಗೆ ಮೆನು ಹೇಳಿಕೊಡುವ ಕಷ್ಟವೇ ಇಲ್ಲ. ಇದನ್ನೆಲ್ಲ ಬಿಡಿ ಅಂತ ಹೇಳುವುದು ನ್ಯಾಯವಲ್ಲ.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಕಣ್ಣು ಕಾಣದ ವಾದಕರ ವಿಷಯ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣು ಕಾಣದವರೇ. ಅವರ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅದೆಷ್ಟು ಅಂಧ ಮಕ್ಕಳು ಸಂಗೀತ ಕಲಿತು ಅದರಿಂದಲೇ ಬದುಕು ಕಟ್ಟಿಕೊಂಡಿದ್ದಾರೆ ಅನ್ನುವುದು ನಮ್ಮ ನಾಡಿಗೆಲ್ಲ ಗೊತ್ತು. ಅಂಥ ನಾಡಿನಲ್ಲಿ ಕೀಬೋರ್ಡ್ ಮಾರುವವರು ಈ ಪ್ರಶ್ನೆ ಕೇಳಿಕೊಳ್ಳಬೇಕಲ್ವಾ? ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗನಿಗೆ ದೃಷ್ಟಿ ಇಲ್ಲ. ಅವನ ಅಮ್ಮ ಬಟನ್ ಇರುವ ಹಳೇ ಕೀಬೋರ್ಡ್‌ನ ಮೇನ್ ಎ ಮೇಲೆ, ರಿಜಿಸ್ಟ್ರೇಷನ್ 1 ಮತ್ತು 5ರ ಮೇಲೆ ಕಲ್ಲಿನ ಬಿಂದಿ ಅಂಟಿಸಿಕೊಟ್ಟಿದ್ದಾರೆ. ಬೆರಳು ಬಿಂದಿಗೆ ತಾಗಿದ ತಕ್ಷಣ ಅಲ್ಲಿಂದ ಎಣಿಸಿಕೊಂಡು ಹೋಗುತ್ತಾನೆ. ಹಾಡಿನ ನಡುವೆ ಸ್ಟೈಲ್ ಬದಲಾಯಿಸುವುದರಲ್ಲಿ ಅವನು ನನ್ನ ಉಳಿದ ವಿದ್ಯಾರ್ಥಿಗಳಿಗಿಂತ ಚುರುಕು. ಅದೇ ಹುಡುಗನ ಮುಂದೆ ನುಣ್ಣಗಿನ ಗಾಜು ಇಟ್ಟರೆ ಅವನ ಆ ಜಾಣ್ಮೆಗೆ ಜಾಗವೇ ಇಲ್ಲ.

ಕೊಳ್ಳೋಕೆ ಹೋಗುವವರಿಗೆ ನಾನು ಹೇಳುವುದು ಇಷ್ಟು. ಅಂಗಡಿಯಲ್ಲಿ ಸ್ಕ್ರೀನ್ ಮೇಲೆ ಬೆರಳಾಡಿಸಿ ನೋಡಬೇಡಿ. ಒಂದು ಸ್ಟೈಲ್ ಓಡಿಸಿ, ಮುಖ ಎತ್ತಿ ಎದುರಿಗಿರುವವರನ್ನು ನೋಡುತ್ತಾ ನುಡಿಸಿ. ಹಾಗೇ ನುಡಿಸುತ್ತಾ ಮೇನ್ ಬದಲಾಯಿಸಿ, ಅರ್ಧ ಸ್ಕೇಲ್ ಇಳಿಸಿ, ಕೊಳಲಿನಿಂದ ಸ್ಟ್ರಿಂಗ್ಸ್‌ಗೆ ಹೋಗಿ, ಬ್ಯಾಕಿಂಗ್ ತಗ್ಗಿಸಿ. ಎಲ್ಲಿ ಕಣ್ಣು ಕೆಳಗಿಳಿಯಿತೋ ಅದು ನಿಮಗೆ ಸ್ಟೇಜ್ ಮೇಲೆ ತೊಂದರೆ ಕೊಡುವ ಜಾಗ. ದುಡ್ಡು ಕಮ್ಮಿ ಇರುವವರು ಪಿಎಸ್‌ಆರ್-ಎಸ್‌ಎಕ್ಸ್600 ನೋಡಿದರೂ ನಷ್ಟವಿಲ್ಲ, ಅದಕ್ಕೆ ಟಚ್ ಇಲ್ಲ, ವರ್ಗದ ಬಟನ್‌ಗಳಿವೆ. ಟಚ್ ಮಾಡೆಲ್ ಆಗಲೇ ತಗೊಂಡಿದ್ದರೆ ನಮಗೆ ಬೇಕಾದ ಕೆಲಸ ಕೊಟ್ಟುಕೊಳ್ಳಬಹುದಾದ ಅಸೈನಬಲ್ ಬಟನ್‌ಗಳನ್ನು ಖಾಲಿ ಬಿಡಬೇಡಿ. ಎಸ್‌ಎಕ್ಸ್900ರಲ್ಲಿ ಎ ಯಿಂದ ಎಫ್ ವರೆಗೆ ಆರು ಇವೆ, ಹಾಡಿನ ನಡುವೆ ಬೇಕಾಗುವುದನ್ನೆಲ್ಲ ಅಲ್ಲಿಗೆ ತಂದುಕೊಳ್ಳಿ. ಒಂದು ಕಾಲು ಪೆಡಲ್ ಹಾಕಿ ರಿಜಿಸ್ಟ್ರೇಷನ್‌ಗಳು ಒಂದರ ಹಿಂದೊಂದು ಬರುವ ಹಾಗೆ ಸೀಕ್ವೆನ್ಸ್ ಮಾಡಿಟ್ಟರೆ ಕೈ, ಕಣ್ಣು ಎರಡೂ ಉಳಿಯುತ್ತೆ.

ಕಣ್ಣು ಕಾಣದ ವಾದಕರು ಯಾರಾದರೂ ಟಚ್ ಸ್ಕ್ರೀನ್ ಇರುವ ಅರೇಂಜರ್ ಬಳಸುತ್ತಿದ್ದರೆ, ಅಥವಾ ಅಂಥವರು ನಿಮಗೆ ಪರಿಚಯವಿದ್ದರೆ, ಹೇಗೆ ನಿಭಾಯಿಸುತ್ತಾರೆ ಅಂತ ದಯವಿಟ್ಟು ಕೆಳಗೆ ಬರೆಯಿರಿ. ಯಾವ ಮಾಡೆಲ್, ಸ್ಟೈಲ್ ಹೇಗೆ ಆರಿಸುತ್ತಾರೆ, ಪೆಡಲ್ ಎಷ್ಟು ಹಾಕಿಕೊಂಡಿದ್ದಾರೆ, ಎಲ್ಲಾ ವಿವರವಾಗಿ ಬೇಕು. ನಮ್ಮ ಹುಡುಗನ ಹಳೇ ಕೀಬೋರ್ಡ್‌ನಲ್ಲಿ ಕೀಗಳು ಸಡಿಲ ಆಗಿವೆ, ಈ ವರ್ಷ ಅವನಿಗೆ ಹೊಸದು ಕೊಡಿಸಲೇಬೇಕು.